ಆರು ಗಂಟೆ ಉಪನ್ಯಾಸಕ್ಕೆ ಆರೂ ಮುಕ್ಕಾಲಿಗೆ ಹೋಗಿ

ನಮ್ಮ ವಿಜಯಪುರದಲ್ಲಿ ತಿಂಗಳ ಕೊನೇ ಶನಿವಾರ ಸಂಜೆ ಒಂದು ಉಪನ್ಯಾಸ ಇರುತ್ತದೆ. ಒಮ್ಮೆ ಇತಿಹಾಸ, ಒಮ್ಮೆ ವಚನ, ಒಮ್ಮೆ ಪೇಪರಿನಲ್ಲಿ ಓಡುತ್ತಿರುವ ಯಾವುದೋ ಜಗಳ. ಟಿಕೆಟ್ ಇಲ್ಲ. ಬಾಗಿಲ ಹತ್ತಿರ ಒಂದು ಸ್ಟೀಲ್ ಡಬ್ಬಿ ಇಟ್ಟಿರುತ್ತಾರೆ, ಮನಸ್ಸು ಬಂದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ನಡೆಸುವವರ ಹೆಸರು ನಾನು ಬರೆಯುವುದಿಲ್ಲ. ಮುಂದೆ ಸ್ವಲ್ಪ ಬೈಯುವುದಿದೆ, ಅವರಲ್ಲಿ ಇಬ್ಬರು ದಿನಾ ಬೆಳಗ್ಗೆ ವಾಕಿಂಗ್‌ನಲ್ಲಿ ಎದುರಾಗುತ್ತಾರೆ.

ಒಂದು ವರ್ಷದಿಂದ ಹೋಗುತ್ತಿದ್ದೇನೆ. ಹನ್ನೆರಡರಲ್ಲಿ ಒಂಬತ್ತು ಕೇಳಿದೆ. ತಪ್ಪಿದ ಮೂರು ಅಂದರೆ ಒಂದು ಮದುವೆ, ಒಂದು ಜ್ವರ, ಒಂದು ಕ್ರಿಕೆಟ್ ಮ್ಯಾಚ್. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಉಪನ್ಯಾಸಕರಿಗೆ ನಾಲ್ಕು, ಕೇಳಲು ಬರುವ ಜನಕ್ಕೆ ಐದು, ವೇದಿಕೆ ಮೇಲೆ ಕೂರುವವರಿಗೆ ಒಂದು. ಆ ಒಂದೂ ಚಹಾದ ಋಣಕ್ಕೆ.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಕಾರ್ಡಿನಲ್ಲಿ ಸರಿಯಾಗಿ 6 ಗಂಟೆಗೆ ಅಂತ ಇರುತ್ತದೆ, 'ಸರಿಯಾಗಿ' ಅನ್ನುವುದು ದಪ್ಪ ಅಕ್ಷರದಲ್ಲಿ. ಕಳೆದ ತಿಂಗಳು ನಾನು ಸುಮ್ನೆ ವಾಚ್ ನೋಡುತ್ತಾ ಕೂತೆ. ಆರೂ ಕಾಲಿಗೆ ಮೈಕ್ ಹುಡುಗ ಬಂದು ಹಲೋ ಹಲೋ ಅಂದ. ಆರೂ ಇಪ್ಪತ್ತೈದಕ್ಕೆ ನಾಡಗೀತೆ. ಆಮೇಲೆ ಸ್ವಾಗತ, ಅದರಲ್ಲಿ ವೇದಿಕೆ ಮೇಲಿನ ಏಳೂ ಜನರ ಹೆಸರು, ಪದವಿ, ಅವರ ಸಮಾಜಸೇವೆ. ಆಮೇಲೆ ಸಸಿಗೆ ನೀರು. ಆಮೇಲೆ ಪ್ರಾಸ್ತಾವಿಕ ಮಾತು, ಇದನ್ನು ಆಡುವವರು ಉಪನ್ಯಾಸಕರು ಹೇಳಬೇಕಾದದ್ದರಲ್ಲಿ ಅರ್ಧ ತಾವೇ ಹೇಳಿಬಿಡುತ್ತಾರೆ, ಅದೂ ತಪ್ಪು ತಪ್ಪಾಗಿ. ಆಮೇಲೆ ಶಾಲು, ಹಾರ, ಫೋಟೋ. ಫೋಟೋಗ್ರಾಫರ್ 'ಇನ್ನೊಮ್ಮೆ ಸರ' ಅಂದ ಅಂತ ಇನ್ನೊಮ್ಮೆ ಹಾರ. ಉಪನ್ಯಾಸ ಶುರುವಾದಾಗ ಏಳೂ ಹತ್ತು. ಎಂಟು ಗಂಟೆಗೆ ಹಾಲ್ ಖಾಲಿ ಮಾಡಬೇಕು. ಅಧ್ಯಕ್ಷೀಯ ನುಡಿ, ವಂದನಾರ್ಪಣೆ ತೆಗೆದರೆ ಪ್ರಶ್ನೆಗೆ ಉಳಿಯೋದು ಐದು ನಿಮಿಷ.

ಇದು ಬೇರೆ ಊರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಿ ಬೆಳೆದ ಊರು ಇದು. ಜ್ಞಾನಯೋಗಾಶ್ರಮದಲ್ಲಿ ಬೆಳಗಿನ ಪ್ರವಚನ ಅಂದರೆ ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಗಿಯುವುದು. ಜೇಬಿಲ್ಲದ ಬಿಳಿ ಅಂಗಿ ತೊಟ್ಟ ಒಬ್ಬರು ಮೆತ್ತಗೆ ಮಾತಾಡುತ್ತಿದ್ದರು, ಸಾವಿರಾರು ಜನ ಕೆಮ್ಮದೇ ಕೇಳುತ್ತಿದ್ದರು. 2018ರಲ್ಲಿ ಪದ್ಮಶ್ರೀ ಕೊಡುತ್ತೇವೆ ಅಂದಾಗಲೂ ಬೇಡ ಅಂದವರು. 2023ರ ಜನವರಿ 2ರಂದು ಅವರು ಹೋದಾಗ ಬಂದ ಜನ ನೋಡಿದವರಿಗೆ ಗೊತ್ತು, ಈ ಭಾಗದವರಿಗೆ ಮಾತು ಕೇಳುವ ಹಸಿವು ಎಷ್ಟಿದೆ ಅಂತ. ಇಂಥ ಊರಿನಲ್ಲಿ ಒಂದು ಗಂಟೆ ಉಪನ್ಯಾಸಕ್ಕೆ ಒಂದು ಗಂಟೆ ಹಾರ ಬೇಕಾ?

ಇನ್ನೊಂದು, ಮೈಕ್. ಹಾಲಿನ ಹಿಂದಿನ ಗೋಡೆಗೆ ಧ್ವನಿ ಬಡಿದು ವಾಪಸ್ ಬರುತ್ತದೆ. ಗೋಳಗುಮ್ಮಟದಲ್ಲಿ ಏಳು ಸಲ ಕೇಳಿಸುತ್ತದೆ ಅಂತ ಜನ ದುಡ್ಡು ಕೊಟ್ಟು ಹೋಗುತ್ತಾರೆ, ಇಲ್ಲಿ ಎರಡು ಸಲ ಪುಕ್ಕಟೆ. ಮೂರನೇ ಸಾಲಿನ ಎಡಗಡೆ ಕೂತರೆ ಸರಿಯಾಗಿ ಕೇಳುತ್ತದೆ. ಮೊದಲ ಎರಡು ಸಾಲು ಗಣ್ಯರಿಗೆ ಮೀಸಲು, ಗಣ್ಯರು ಬರೋದಿಲ್ಲ, ಆದರೂ ಕೂರಲು ಬಿಡೋದಿಲ್ಲ.

ಬೈಗುಳ ಮುಗೀತು. ಇಷ್ಟಾದರೂ ಯಾಕೆ ಹೋಗುತ್ತೇನೆ ಅನ್ನುವುದನ್ನು ಹೇಳುತ್ತೇನೆ.

ನಾನು ಕೇಳಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಆದಿಲ್ ಶಾಹಿ ಕಾಲದ ನೀರಿನ ವ್ಯವಸ್ಥೆ ಬಗ್ಗೆ. ನಾವು ಈ ಊರಲ್ಲೇ ಹುಟ್ಟಿದವರು, ನೆಂಟರು ಬಂದಾಗಲೆಲ್ಲ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು ತೋರಿಸಿ ಬರುತ್ತೇವೆ. ಆದರೆ ಅಷ್ಟು ದೊಡ್ಡ ರಾಜಧಾನಿ ಈ ಬರದ ನಾಡಿನಲ್ಲಿ ನೀರು ಎಲ್ಲಿಂದ ಕುಡಿಯುತ್ತಿತ್ತು ಅಂತ ನಾನಂತೂ ಒಂದು ದಿನವೂ ಯೋಚಿಸಿರಲಿಲ್ಲ. ಬಂದ ಹುಡುಗ ಸಂಶೋಧನೆ ಮಾಡುತ್ತಿರುವವನು, ಮೂವತ್ತೂ ದಾಟಿರಲಿಕ್ಕಿಲ್ಲ. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದದ್ದು, ಆ ಸುರಂಗಕ್ಕೆ ಮೇಲಿನಿಂದ ಅಲ್ಲಲ್ಲಿ ಬಾವಿಯ ಹಾಗೆ ಬಾಯಿ ಬಿಟ್ಟದ್ದು, ಪರ್ಷಿಯಾ ಕಡೆಯ ಈ ತಂತ್ರಕ್ಕೆ ಕರೇಜ್ ಅನ್ನುವುದು, 1651ರಲ್ಲಿ ಮುಹಮ್ಮದ್ ಆದಿಲ್ ಶಾ ಕಟ್ಟಿಸಿದ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಯಲ್ಲಿ ನೀರು ಊರೊಳಗೆ ಬಂದದ್ದು, ಎಲ್ಲವನ್ನೂ ಒಂದು ನಕ್ಷೆ ಹಿಡಿದುಕೊಂಡು ಹೇಳುತ್ತಾ ಹೋದ. ದಾರಿಯಲ್ಲಿ ಅಲ್ಲಲ್ಲಿ ಚೌಕಾಕಾರದ ಗೋಪುರ ಇವೆಯಲ್ಲ, ಗಂಜ್ ಅನ್ನುತ್ತಾರೆ, ಅದನ್ನು ತೋರಿಸಿ ಒತ್ತಡ ಕಮ್ಮಿ ಮಾಡೋದಕ್ಕೆ, ಹೂಳು ಕೆಳಗೆ ಕೂರೋದಕ್ಕೆ ಇವನ್ನು ಕಟ್ಟುತ್ತಿದ್ದರು ಅಂದ. ಯಾರಿಗೂ ಸರಿಯಾಗಿ ತಿಳಿಯಲಿಲ್ಲ ಅಂತ ಕಾಣುತ್ತದೆ, ಹಾಲ್ ಸುಮ್ಮನಿತ್ತು.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಅಂಗಿ ತೋಳಿಗೆ ಸಿಮೆಂಟು ಮೆತ್ತಿತ್ತು, ಕೆಲಸದಿಂದ ನೇರ ಬಂದಿದ್ದರು. "ಸರ, ನಾ ಪ್ಲಂಬರ್ ಅದೀನ್ರಿ. ಟಾಕಿಯಿಂದ ಪೈಪ್ ಎಳೆಯೂಮುಂದ ನಾವು ನಡುವ ಒಂದು ಗಾಳಿ ಪೈಪ್ ಬಿಡ್ತೇವಿ ನೋಡ್ರಿ, ಮ್ಯಾಲ ಬಾಯಿ ತಕ್ಕೊಂಡಿರತೈತಿ. ಅದು ಬಿಡ್ಲಿಲ್ಲಂದ್ರ ಗಾಳಿ ಸಿಕ್ಕೊಂಡು ನೀರು ನಿಂದರತೈತಿ, ಇಲ್ಲಾ ಒತ್ತಡಕ್ಕ ಜಾಯಿಂಟ್ ಬಿಚ್ಚತೈತಿ. ಮಣ್ಣಿನ ಪೈಪ್ ಅಂದ್ರ ಒಡದs ಹೋಗತೈತಿ. ಅದಕ್ಕs ಕಟ್ಯಾರ, ಹೌದಿಲ್ರಿ?" ಅಂದರು. ಉಪನ್ಯಾಸಕ ಒಂದು ಕ್ಷಣ ನೋಡಿ, "ಕಾಕಾ, ಇಷ್ಟು ಸರಳ ಮಾಡಿ ನನಗೂ ಹೇಳಾಕ ಬರೂದಿಲ್ರಿ" ಅಂದ. ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಆ ದಿನ ಬಿದ್ದ ಚಪ್ಪಾಳೆಯಲ್ಲಿ ನಿರೂಪಕರು ಕೇಳದೇ ಬಿದ್ದದ್ದು ಅದೊಂದೇ.

ಮರುದಿನ ಭಾನುವಾರ ಬೆಳಗ್ಗೆ ಏಳಕ್ಕೆ ಅದೇ ಹುಡುಗನ ಜೊತೆ ಮೂವತ್ತು ಜನ ತಾಜ್ ಬಾವಡಿಗೆ ಹೋದೆವು. ಎರಡನೇ ಇಬ್ರಾಹಿಂ ಆದಿಲ್ ಶಾ ಕಾಲದ್ದು, 1620. ದೊಡ್ಡ ಕಮಾನು, ಅದರ ಎರಡೂ ಕಡೆ ಗೋಪುರ, ಒಳಗೆ ಇಳಿದರೆ ಚೌಕದ ಬಾವಿ. ನಾನು ಸಣ್ಣವನಿದ್ದಾಗ ಇದರ ಕಸ ನೋಡಿ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಆಮೇಲೆ ಹೂಳು, ಕಸ ಎಲ್ಲ ತೆಗೆಸಿದರು. ಪ್ಲಂಬರ್ ಕಾಕಾನೂ ಬಂದಿದ್ದರು, ಮಗಳನ್ನು ಕರೆದುಕೊಂಡು. ಗೋಡೆಯ ಸಂದಿಯಲ್ಲಿ ಕೈ ಹಾಕಿ ಗಾರೆ ಗಟ್ಟಿ ಇದೆಯಾ ಅಂತ ನೋಡುತ್ತಿದ್ದರು. ಇಂಥ ಬೆಳಗಿನ ನಡಿಗೆ ವರ್ಷಕ್ಕೆ ಎರಡೇ ಸಲ ಮಾಡುತ್ತಾರೆ. ಯಾಕೆ ಎರಡೇ? ಕೇಳಿದರೆ ಬಜೆಟ್ ಇಲ್ಲ ಅನ್ನುತ್ತಾರೆ. ನಡೆಯೋದಕ್ಕೆ ಬಜೆಟ್ ಏನು ಬೇಕೋ, ಶಾಲಿಗೆ ಮಾತ್ರ ಇರುತ್ತದೆ.

ಫ.ಗು. ಹಳಕಟ್ಟಿಯವರ ಬಗ್ಗೆ ಒಬ್ಬ ನಿವೃತ್ತ ಟೀಚರ್ ಮಾತಾಡಿದರು. ಗೊತ್ತಿದ್ದದ್ದೇ ತಾನೆ ಅಂತ ಅರ್ಧ ಮನಸ್ಸಿನಿಂದ ಹೋಗಿದ್ದೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದವರು, ಇಲ್ಲಿ ವಕೀಲಿಕೆಗೆ ಬಂದು, ವಕೀಲಿಕೆ ಬಿಟ್ಟು ಮನೆಮನೆ ತಿರುಗಿ ತಾಡೋಲೆ ಕೂಡಿಸಿದವರು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದವರು, ಇದೆಲ್ಲ ಶಾಲೆಯಲ್ಲಿ ಓದಿದ್ದೆವು. ಆದರೆ ಟೀಚರ್ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಹಳೇ 'ಶಿವಾನುಭವ'ದ ಒಂದು ಸಂಚಿಕೆ, 1926ರಲ್ಲಿ ಅವರು ಶುರು ಮಾಡಿದ ಪತ್ರಿಕೆ. ಕವರ್ ತೆಗೆಯಬೇಡಿ ಅಂತ ಹೇಳಿ ಸಾಲಿನಿಂದ ಸಾಲಿಗೆ ಕಳಿಸಿದರು. ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು, ಅಚ್ಚು ಮಾತ್ರ ಇನ್ನೂ ಕಪ್ಪಾಗೇ ಇತ್ತು. ಪತ್ರಿಕೆ, ಪುಸ್ತಕ ಅಚ್ಚು ಹಾಕಿಸೋದಕ್ಕೆ ಒಬ್ಬ ಮನುಷ್ಯ ಹಿತಚಿಂತಕ ಅಂತ ಸ್ವಂತ ಪ್ರೆಸ್ಸನ್ನೇ ಹಾಕಿಕೊಂಡು ಕೂತ ಅಂದರೆ ಏನರ್ಥ ಅಂತ ಆ ಕವರ್ ಕೈಗೆ ಬಂದಾಗ ತಿಳಿಯಿತು. ಅದೇ 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು ಅಂತ ಅವತ್ತೇ ಗೊತ್ತಾಗಿದ್ದು ನನಗೆ.

ಕವರ್ ನಮ್ಮ ಸಾಲಿಗೆ ಬಂದಾಗ ಪಕ್ಕದ ಅಮ್ಮ ಒಬ್ಬರು ಅದನ್ನು ತೊಡೆ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ಕೂತರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಮನ್ಯಾಗ ಜಂತಿ ಮ್ಯಾಲ ಇಂಥ ಓಲಿ ಕಟ್ಟು ಒಂದು ಇತ್ತು ತಮ್ಮಾ, ಮನಿ ಸುಣ್ಣ ಹಚ್ಚೂಮುಂದ ನಮ್ಮ ಅತ್ತಿ ಹೊಳಿಗೆ ಬಿಟ್ಟಳು" ಅಂದರು. ಇದನ್ನು ಮೈಕ್‌ನಲ್ಲಿ ಹೇಳಿ ಅಂದೆ. ಒಲ್ಲೆ ಅಂದರು. ಮೈಕ್ ಅಷ್ಟರಲ್ಲಿ ಅಧ್ಯಕ್ಷರ ಕೈಯಲ್ಲಿತ್ತು ಬಿಡಿ.

ಜಗಳ ಆಗುತ್ತದೆ ಅಂತ ಎಲ್ಲರೂ ಕಾದಿದ್ದು 1565ರ ಯುದ್ಧದ ಉಪನ್ಯಾಸಕ್ಕೆ. ನಾವು ತಾಳಿಕೋಟೆ ಕದನ ಅನ್ನುತ್ತೇವೆ, ರಕ್ಕಸ-ತಂಗಡಗಿ ಅಂತಲೂ ಅನ್ನುತ್ತಾರೆ, ಎಲ್ಲ ನಮ್ಮ ಸುತ್ತಮುತ್ತಲಿನ ಹೆಸರುಗಳೇ. ಅವತ್ತು ಹಾಲ್ ತುಂಬಿ ಜನ ಕಿಟಕಿಯಲ್ಲಿ ನಿಂತಿದ್ದರು. ಉಪನ್ಯಾಸಕರು ಜಾಣರು. ಹಿಂದೂ-ಮುಸ್ಲಿಂ ಅಂತ ಶುರುವೇ ಮಾಡಲಿಲ್ಲ. ಯುದ್ಧಕ್ಕೆ ಕೆಲವೇ ವರ್ಷ ಮೊದಲು ನಮ್ಮೂರಿನ ಅಲಿ ಆದಿಲ್ ಶಾ ವಿಜಯನಗರಕ್ಕೆ ಹೋಗಿ ರಾಮರಾಯನ ಅತಿಥಿಯಾಗಿದ್ದ, ಇಬ್ಬರೂ ಸೇರಿ ಅಹ್ಮದನಗರದ ಮೇಲೆ ದಂಡೆತ್ತಿ ಹೋಗಿದ್ದರು ಅನ್ನುವಲ್ಲಿಂದ ಹಿಡಿದರು. ಆಮೇಲೆ ಅದೇ ಅಹ್ಮದನಗರದ ಮಗಳು ಚಾಂದ್ ಬೀಬಿ ಇಲ್ಲಿಗೆ ಸೊಸೆಯಾಗಿ ಬಂದಳು, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು, ಬೀಗರಾದ ಮೇಲೆ ದಿಕ್ಕು ಬದಲಾಯಿತು. ಸೊಲ್ಲಾಪುರ ಬಳುವಳಿ ಅಂದ ಕೂಡಲೇ ಹಾಲಿನಲ್ಲಿ ನಗು. ಅಲ್ಲಿಗೆ ಹೆಣ್ಣು ಕೊಟ್ಟವರು, ಅಲ್ಲಿಂದ ತಂದವರು ಅರ್ಧ ಊರು ಇದ್ದೇವೆ.

ಒಬ್ಬ ಹುಡುಗ ಎದ್ದು, "ಅದೆಲ್ಲ ಇರ್ಲಿ ಸರ, ಕಡೀಕ ತಪ್ಪು ಯಾರದು?" ಅಂದ. ಧ್ವನಿಯಲ್ಲಿ ಬಿಸಿ ಇತ್ತು. ಉಪನ್ಯಾಸಕರು ಅವನಿಗೆ ಕೊಟ್ಟದ್ದು ಉತ್ತರ ಅಲ್ಲ, ಒಂದು ಕೆಲಸ. ಈ ಯುದ್ಧದ ಬಗ್ಗೆ ನಾವು ಹೇಳುವುದರಲ್ಲಿ ಬಹಳಷ್ಟು ಚರಿತ್ರೆಕಾರ ಫೆರಿಷ್ತಾ ಬರೆದದ್ದರಿಂದ ಬಂದದ್ದು, ಆತ ಬರೆದದ್ದು ಇದೇ ಊರಲ್ಲಿ, ಎರಡನೇ ಇಬ್ರಾಹಿಂನ ಆಶ್ರಯದಲ್ಲಿ, ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ. "ಮೊದಲು ಅವ ಯಾರ ಅನ್ನ ಉಂಡು ಬರದಾನ ನೋಡು, ಆಮ್ಯಾಲ ಏನು ಬರದಾನ ಓದು, ಮುಂದಿನ ತಿಂಗಳ ಬಂದು ನನಗs ಹೇಳು" ಅಂದರು. ಹುಡುಗ ಮುಂದಿನ ತಿಂಗಳು ಬಂದಿದ್ದ. ಉಪನ್ಯಾಸಕರು ಬಂದಿರಲಿಲ್ಲ, ಅದು ಬೇರೆ ಮಾತು.

ಅದೇ ದಿನ ಇನ್ನೊಬ್ಬರು ಸಾಠ್ ಕಬರ್, ಅಂದರೆ ಅರವತ್ತು ಗೋರಿಗಳ ಕಥೆ ತೆಗೆದರು. ಅಫ್ಜಲ್ ಖಾನ್ 1659ರಲ್ಲಿ ಶಿವಾಜಿ ಮೇಲೆ ಹೋಗುವ ಮೊದಲು ಹೆಂಡತಿಯರನ್ನೆಲ್ಲ ಕೊಂದ ಅಂತ ನಾವು ಸಣ್ಣಂದಿನಿಂದ ಕೇಳಿದ ಕಥೆ. ಗೋರಿಗಳು ಕಣ್ಣೆದುರಿಗಿವೆ, ಕಥೆ ಬಾಯಿಂದ ಬಾಯಿಗೆ ಬಂದದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಅಂದರು ಉಪನ್ಯಾಸಕರು. ಕೆಲವರಿಗೆ ಬೇಜಾರಾಯಿತು. ನನಗೂ ಸ್ವಲ್ಪ ಆಯಿತು, ನೆಂಟರಿಗೆ ಹೇಳೋದಕ್ಕೆ ಅದೇ ಎಲ್ಲಕ್ಕಿಂತ ಒಳ್ಳೆ ಕಥೆ.

ಕೆಟ್ಟವೂ ಇದ್ದವು. ಮಾಧ್ಯಮದ ಬಗ್ಗೆ ಮಾತಾಡಲು ಬಂದವರು ವಾಟ್ಸಾಪ್‌ನಲ್ಲಿ ಓಡಾಡುವ ಜೋಕುಗಳನ್ನೇ ಹೇಳಿ ಮುಗಿಸಿದರು. 'ಸಂವಾದ' ಅಂತ ಒಂದು ಇಟ್ಟಿದ್ದರು, ಐದು ಜನ ಸಾಲಾಗಿ ಐದು ಭಾಷಣ ಮಾಡಿ ಹೋದರು, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಲಿಲ್ಲ. ಸಂವಾದ ನಡೆದದ್ದು ಪಾರ್ಕಿಂಗ್‌ನಲ್ಲಿ, ಯಾರ ಬೈಕು ಯಾರದಕ್ಕೆ ಅಡ್ಡ ಅಂತ.

ಈಗ ಕಳೆದ ತಿಂಗಳದ್ದು. ಆಲಮಟ್ಟಿ ಅಣೆಕಟ್ಟು. ಮಾತಾಡಿದವರು ನಿವೃತ್ತ ಎಂಜಿನಿಯರ್. ಈ ವಿಷಯಕ್ಕೆ ನಮ್ಮ ಎರಡು ಜಿಲ್ಲೆಯಲ್ಲಿ ಮನೆಗೊಬ್ಬ ತಜ್ಞ ಇರುತ್ತಾನೆ, ಹಾಗಾಗಿ ಅವರು ಎಚ್ಚರದಿಂದಲೇ ಅಂಕಿ ಇಟ್ಟರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು. 2000ದಲ್ಲಿ ಸುಪ್ರೀಂ ಕೋರ್ಟು ನೀರಿನ ಮಟ್ಟವನ್ನು 519.6 ಮೀಟರಿಗೆ ನಿಲ್ಲಿಸಿದ್ದು, ಅಷ್ಟಕ್ಕೆ 123 ಟಿಎಂಸಿ ನೀರು. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಬಹುದು ಅಂದದ್ದು. ನಡುವಿನ ವ್ಯತ್ಯಾಸ ಐದು ಮೀಟರ್ ಕೂಡ ಇಲ್ಲ. ಪೇಪರಿನಲ್ಲಿ ಓದಿದರೆ ಇಷ್ಟೇನಾ ಅನಿಸುತ್ತದೆ. ಅವರು ಬೋರ್ಡಿನ ಮೇಲೆ ಒಂದು ತಟ್ಟೆ ಬರೆದರು, ಪಕ್ಕದಲ್ಲಿ ಒಂದು ತಂಬಿಗೆ. ತಂಬಿಗೆಯಲ್ಲಿ ಒಂದು ಬೆರಳು ನೀರು ಏರಿದರೆ ಏನೂ ಆಗೋದಿಲ್ಲ, ತಟ್ಟೆಯಲ್ಲಿ ಏರಿದರೆ ಅಂಚು ದಾಟಿ ನೆಲಕ್ಕೆ ಹರಿಯುತ್ತದೆ, ನಮ್ಮ ಕೃಷ್ಣಾ-ಘಟಪ್ರಭಾ ಬಯಲು ತಟ್ಟೆ ಅಂದರು. ಬಾಗಲಕೋಟೆಯ ಹಳೇ ಊರು ಯಾಕೆ ಮುಳುಗಿತು, ನವನಗರ ಯಾಕೆ ಕಟ್ಟಿದರು ಅನ್ನುವುದು ಆ ಒಂದು ಚಿತ್ರದಲ್ಲಿ ಮುಗಿಯಿತು. ನಮ್ಮ ಸೋದರತ್ತೆ ಮನೆ ಅಲ್ಲೇ ಹೋದದ್ದು. ಪರಿಹಾರ, ಕೋರ್ಟು, ಹಕ್ಕುಪತ್ರ ಅಂತ ಮನೆಯಲ್ಲಿ ಇಪ್ಪತ್ತು ವರ್ಷ ಕೇಳಿದ್ದೇನೆ, ತಟ್ಟೆ ಮಾತ್ರ ಯಾರೂ ಬರೆದು ತೋರಿಸಿರಲಿಲ್ಲ.

ಏಳೂ ಐವತ್ತು. ಪ್ರಶ್ನೆ ಇದ್ದವರು ಕೈ ಎತ್ತಿ ಅಂದರು. ಹತ್ತು ಹನ್ನೆರಡು ಕೈ ಎದ್ದವು. ಮೊದಲು ಮೈಕ್ ಸಿಕ್ಕವರು ಪ್ರಶ್ನೆ ಕೇಳುವ ಬದಲು ತಾವೇ ಒಂದು ಉಪನ್ಯಾಸ ಕೊಟ್ಟರು, ಪ್ರತಿ ತಿಂಗಳೂ ಅವರದು ಇದೇ. ಆಮೇಲೆ ಬಿಳಿ ಟೋಪಿಯ ಅಜ್ಜ ಒಬ್ಬರಿಗೆ ಮೈಕ್ ಹೋಯಿತು. "ಒಮ್ಮೆ ಮುಳುಗಿ ಎದ್ದು ಬಂದೇವ್ರಿ ಸಾಹೇಬ್ರ. ಪುನರ್ವಸತಿಯೊಳಗ ಮನಿ ಕಟ್ಟಿದ್ವಿ, ದೂರ ನಾಕು ಎಕರೆ ಹೊಲ ತಗೊಂಡ್ವಿ. ಈಗ ಐನೂರಾ ಇಪ್ಪತ್ನಾಕು ಅಂದ್ರ ಆ ಹೊಲಾನೂ..." ಅನ್ನುವಷ್ಟರಲ್ಲಿ ನಿರೂಪಕರು ಸಮಯದ ಅಭಾವ ಅಂದರು. ಮೈಕ್ ಹುಡುಗ ಅಜ್ಜನ ಕೈಯಿಂದ ಮೆತ್ತಗೆ ಮೈಕ್ ಬಿಡಿಸಿಕೊಂಡ. ಆಮೇಲೆ ಹದಿಮೂರು ನಿಮಿಷ ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ನಾನು ಎಣಿಸಿದ್ದೇನೆ, ಹದಿಮೂರು. ಅದರಲ್ಲಿ ಪೆಂಡಾಲ್‌ನವರಿಗೂ ಧನ್ಯವಾದ ಇತ್ತು. ಪೆಂಡಾಲ್ ಹಾಕಿರಲೇ ಇಲ್ಲ.

ಹೊರಗೆ ಬಂದಾಗ ಎಂಜಿನಿಯರ್ ಸಾಹೇಬರು ಶಾಲನ್ನು ಚೀಲಕ್ಕೆ ತುರುಕಿ, ಚಹಾ ಅಂಗಡಿ ಮುಂದಿನ ಕಲ್ಲುಕಟ್ಟೆ ಮೇಲೆ ಅಜ್ಜನ ಪಕ್ಕ ಕೂತಿದ್ದರು. ಆಮಂತ್ರಣ ಕಾರ್ಡಿನ ಹಿಂಬದಿ ಮೇಲೆ ಪೆನ್ನಿನಿಂದ ಹೊಳೆ, ಹಳೇ ಊರು, ಕಾಲುವೆ, ಹೊಲ ಎಲ್ಲ ಬರೆಯುತ್ತಿದ್ದರು. "ಹೊಲದಿಂದ ಹೊಳಿ ಕಾಣತೈತೇನ್ರಿ ಅಜ್ಜಾರ?" ಅಂತ ಕೇಳಿದರು. "ಮಳಿಗಾಲದಾಗ ಕಾಣತೈತ್ರಿ." ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಾದರು. ನಾನು ಇಲ್ಲಿ ಕೂತು ಮುಳುಗತೈತಿ ಅಂತಾನೂ ಹೇಳಬಾರದು, ಇಲ್ಲ ಅಂತಾನೂ ಹೇಳಬಾರದು, ಸರ್ವೆ ನಂಬರ್ ತಗೊಂಡು ನವನಗರದ ಯುಕೆಪಿ (ಕೃಷ್ಣಾ ಮೇಲ್ದಂಡೆ ಯೋಜನೆ) ಆಫೀಸಿಗೆ ಹೋಗಿ ಆ ನಂಬರಿನ ಮಟ್ಟ ಎಷ್ಟು ಅಂತ ಬರೆದುಕೊಡಿ ಅನ್ನಿ, ಬಾಯಲ್ಲಿ ಹೇಳಿದ್ದನ್ನು ನಂಬಿ ಎದ್ದು ಬರಬೇಡಿ ಅಂದರು. ಕೇಳಬೇಕಾದ್ದನ್ನು ಅದೇ ಕಾರ್ಡಿನ ಮೇಲೆ ಮೂರು ಸಾಲು ಬರೆದುಕೊಟ್ಟರು. ಅಜ್ಜ ಕಾರ್ಡನ್ನು ಮಡಚದೆ ಅಂಗಿ ಒಳಜೇಬಿಗೆ ಇಟ್ಟುಕೊಂಡರು. ಅಷ್ಟರಲ್ಲಿ ಸುತ್ತ ಹದಿನೈದು ಜನ ನಿಂತಿದ್ದೆವು, ಇನ್ನೂ ಒಂದು ಗಂಟೆ ಮಾತು ನಡೆಯಿತು, ಮಿರ್ಚಿ ಭಜಿ ಎರಡು ಸಲ ಬಂತು. ದುಡ್ಡು ಯಾರು ಕೊಟ್ಟರೋ ಗೊತ್ತಿಲ್ಲ, ನಾನಂತೂ ಕೊಡಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಆರೂ ಮುಕ್ಕಾಲಿಗೆ ಹೋದರೂ ಏನೂ ತಪ್ಪೋದಿಲ್ಲ. ಮೂರನೇ ಸಾಲು, ಎಡಗಡೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ, ಕೀಲಿ ವಾಚ್‌ಮನ್ ಹತ್ತಿರ ಇರುತ್ತದೆ, ಕೇಳಿ ಇಸಿದುಕೊಳ್ಳಬೇಕು, ಇದು ನಾಚಿಕೆಗೇಡು. ಉಪನ್ಯಾಸವನ್ನು ರೆಕಾರ್ಡ್ ಮಾಡುತ್ತಾರೆ, ಆದರೆ ಕ್ಯಾಮೆರಾ ಪೂರ್ತಿ ಹೊತ್ತು ವೇದಿಕೆ ಕಡೆಯೇ ಇರುತ್ತದೆ, ಜನ ಕೇಳಿದ ಪ್ರಶ್ನೆ ಅದರಲ್ಲಿ ಇರೋದಿಲ್ಲ. ಹಾಗಾಗಿ ಮನೆಯಲ್ಲಿ ಕೂತು ನೋಡಿದರೆ ಪ್ಲಂಬರ್ ಕಾಕಾ ಸಿಗೋದಿಲ್ಲ.

ಮುಗಿದ ಕೂಡಲೇ ಬೈಕ್ ಹತ್ತಬೇಡಿ. ಚಹಾ ಅಂಗಡಿ ಒಂಬತ್ತೂವರೆ ತನಕ ತೆಗೆದಿರುತ್ತದೆ.